ಹಳೆಯ ಓಲೆ, ಹೊಸ ಪ್ರತಿ

ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ಕಾಯಕದ ಸಲಕರಣೆಗಳಿಗೂ ಕೊಟ್ಟವರು. ಅಂಬಿಗರ ಚೌಡಯ್ಯನೆಂದೊಡನೆ ದೋಣಿಯೂ, ನುಲಿಯ ಚಂದಯ್ಯನೆಂದೊಡನೆ ಹುಲ್ಲಿನ ಹಗ್ಗವೂ, ಹಡಪದ ಅಪ್ಪಣ್ಣನೆಂದೊಡನೆ ಹಡಪವೂ ಕಣ್ಣ ಮುಂದೆ ಬರುತ್ತವೆ. ಓದು ಬರಹವನ್ನೇ ಕಾಯಕ ಮಾಡಿಕೊಂಡವರಿಗೆ ಹಿಂದೆ ಓಲೆಗರಿಯೂ ಕಬ್ಬಿಣದ ಕಂಟವೂ ಸಲಕರಣೆಗಳಾಗಿದ್ದವು. ಮುಂದೆ ಕಾಗದ ಮತ್ತು ಲೇಖನಿ ಬಂದವು. ಈಗ ಲ್ಯಾಪ್‌ಟಾಪ್ ಬಂದು ಮೇಜಿನ ಮೇಲೆ ಕುಳಿತಿದೆ. ಮಕ್ಕಳ ಓದು, ಅಂಗಡಿಯ ಲೆಕ್ಕ, ಮನೆಯ ಭಾವಚಿತ್ರಗಳು ಎಲ್ಲವೂ ಅದರಲ್ಲಿಯೇ ಇರುವುದರಿಂದ ಅದು ಮುದಿಯಾದಾಗ ಏನು ಮಾಡಬೇಕೆಂಬ ಪ್ರಶ್ನೆ ಪಂಡಿತರದು ಮಾತ್ರವಲ್ಲ, ಪ್ರತಿಯೊಂದು ಮನೆಯದು.

ನನ್ನ ಲ್ಯಾಪ್‌ಟಾಪ್ 2014ರಲ್ಲಿ ಕೊಂಡದ್ದು. ಹಲವು ಮಠ ಮನೆಗಳ ಓಲೆಯ ಕಟ್ಟುಗಳನ್ನು ನೋಡಿ ಬರೆದುಕೊಂಡ ವಚನಗಳ ಪಾಠಾಂತರಗಳು ಅದರಲ್ಲಿವೆ. ಅದಕ್ಕಿಂತಲೂ ಅಮೂಲ್ಯವಾದುದು ಮತ್ತೊಂದಿದೆ. ಮಠದ ಪಾಠಶಾಲೆಯಲ್ಲಿ ನನಗೆ ಅಕ್ಷರ, ಛಂದಸ್ಸು, ಶಾಸ್ತ್ರ ಎಲ್ಲವನ್ನೂ ಕಲಿಸಿದ ಗುರುಗಳು ತಮ್ಮ ಕೊನೆಯ ವರ್ಷಗಳಲ್ಲಿ ಷಟ್‌ಸ್ಥಲವನ್ನು ಕುರಿತು ಹೇಳಿದ ಪಾಠಗಳನ್ನು ಶಿಷ್ಯರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಆ ಮೂವತ್ತೊಂದು ಕ್ಯಾಸೆಟ್ಟುಗಳ ಧ್ವನಿಯನ್ನು ಗಣಕಕ್ಕೆ ಇಳಿಸಲಾಯಿತು. ಕ್ಯಾಸೆಟ್ಟುಗಳ ಪಟ್ಟಿಗೆ ಬೂಷ್ಟು ಹಿಡಿದು ಈಗ ಅವು ಕೇಳದಂತಾಗಿವೆ.

ಎರಡು ವರ್ಷಗಳಿಂದ ಈ ಯಂತ್ರಕ್ಕೆ ಆಲಸ್ಯ ಹಿಡಿದಿತ್ತು. ಗುಂಡಿ ಒತ್ತಿ, ಸ್ನಾನ ಮುಗಿಸಿ, ವಿಭೂತಿ ಧರಿಸಿ ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಒಂದು ಕಡತ ತೆರೆಯಲು ಒಂದು ನಿಮಿಷ, ಒಂದು ಪದ ಹುಡುಕಲು ಎರಡು ನಿಮಿಷ. ಅರವತ್ತು ದಾಟಿದವನಿಗೆ ನಿಮಿಷಗಳ ಬೆಲೆ ಬೇರೆಯೇ ಆಗಿರುತ್ತದೆ. ಬೆಳಗಿನಲ್ಲಿ ಕಣ್ಣು ತಿಳಿಯಾಗಿರುವುದೇ ಎರಡು ಗಂಟೆ; ಅದರಲ್ಲಿ ಅರ್ಧ ಗಂಟೆ ಕಾಯುವುದರಲ್ಲಿಯೇ ಕಳೆಯುತ್ತಿತ್ತು. ಸಾಲದೆಂಬಂತೆ ಒಳಗಿನಿಂದ ಆಗಾಗ ಟಿಕ್ ಟಿಕ್ ಎಂಬ ಸದ್ದೂ ಕೇಳಿಬರತೊಡಗಿತು.

ದುರಸ್ತಿಯ ಅಂಗಡಿಯ ತರುಣನು, "ಅಜ್ಜಾರ, ಇದರ ಕಾಲ ಮುಗೀತ್ರಿ. ಇದಕ್ಕ ರೊಕ್ಕ ಹಾಕೂದು ದಂಡ. ಹೊಸಾದು ತೊಗೊಳ್ರಿ" ಎಂದನು. ಗಣಕ ವಿಜ್ಞಾನವನ್ನು ಓದುತ್ತಿರುವ ನನ್ನ ತಮ್ಮನ ಮಗಳು ಅದನ್ನು ಪರೀಕ್ಷಿಸಿ, "ದೊಡ್ಡಪ್ಪಾ, ಇದರಾಗ ದಣಿದದ್ದು ಡಿಸ್ಕ್ ಒಂದ ಐತ್ರಿ. ಅದನ್ನಷ್ಟ ಬದಲಿ ಮಾಡಿದ್ರ ಸಾಕು" ಎಂದಳು. ಯಾರ ಮಾತು ಸರಿಯೆಂದು ನಿರ್ಣಯಿಸಬೇಕಾದರೆ ಡಿಸ್ಕ್ ಎಂಬುದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕಾಯಿತು.

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ತಿರುಗುತ್ತಿರುತ್ತವೆ. ಸಾಮಾನ್ಯ ಲ್ಯಾಪ್‌ಟಾಪಿನ ಡಿಸ್ಕು ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ಒಂದು ಸೂಕ್ಷ್ಮವಾದ ಓದುಮೊನೆ ತೇಲುತ್ತ, ಬೇಕಾದ ಜಾಗಕ್ಕೆ ಸರಿದು, ಅಕ್ಷರವು ತನ್ನ ಕೆಳಗೆ ತಿರುಗಿ ಬರುವವರೆಗೆ ಕಾದು ಓದಬೇಕು. ಹೀಗೆ ಒಂದು ತುಣುಕನ್ನು ಹುಡುಕಿ ಓದಲು ಸುಮಾರು 15 ಮಿಲಿಸೆಕೆಂಡು ಹಿಡಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಗಣಕವು ಎಚ್ಚರಗೊಳ್ಳಲು ಚದುರಿ ಬಿದ್ದಿರುವ ಸಾವಿರಾರು ತುಣುಕುಗಳನ್ನು ಓದಬೇಕು. ಪ್ರತಿಯೊಂದು ವಚನಕ್ಕೂ ಒಂದು ಕಟ್ಟನ್ನು ಬಿಚ್ಚಿ, ಗರಿಯನ್ನು ಹುಡುಕಿ, ಓದಿ, ಮತ್ತೆ ಕಟ್ಟಿಟ್ಟು ಮುಂದಿನ ಕಟ್ಟಿಗೆ ಕೈಹಾಕುವವನ ಪಾಡು ಅದರದು. ಓದುವ ವಿದ್ವಾಂಸನೇನೋ ಚುರುಕಾಗಿದ್ದಾನೆ. ಕಟ್ಟು ತಂದುಕೊಡುವವನು ಮುದುಕನಾಗಿದ್ದಾನೆ, ಅಷ್ಟೇ.

ಈ ತಂತ್ರಕ್ಕೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಬೇಕು. ತಿರುಗುವ ತಟ್ಟೆಯೇ ಇಲ್ಲದ ಮತ್ತೊಂದು ಮಾರ್ಗವನ್ನು ಜಪಾನಿನ ತೋಷಿಬಾ ಸಂಸ್ಥೆಯು 1987ರಲ್ಲಿ ಪ್ರಕಟಿಸಿತು. ಇದನ್ನು ನ್ಯಾಂಡ್ ಫ್ಲ್ಯಾಶ್ ಸ್ಮೃತಿಯೆನ್ನುತ್ತಾರೆ. ಇಲ್ಲಿ ಅಕ್ಷರಗಳು ಅತಿಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ ಕಣಗಳ ರೂಪದಲ್ಲಿ ನೆಲೆಸುತ್ತವೆ. ತಿರುಗುವುದಿಲ್ಲ, ಸರಿಯುವುದಿಲ್ಲ, ಸದ್ದಿಲ್ಲ. ಈ ಸ್ಮೃತಿಯಿಂದ ಮಾಡಿದ ಡಿಸ್ಕನ್ನೇ ಎಸ್‌ಎಸ್‌ಡಿ ಎಂದು ಕರೆಯುತ್ತಾರೆ. ಹಳೆಯದು 15 ಮಿಲಿಸೆಕೆಂಡಿನಲ್ಲಿ ಹುಡುಕುವುದನ್ನು ಇದು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಹುಡುಕಿ ಕೊಡುತ್ತದೆ. ಒಂದೇ ಓಟದಲ್ಲಿ ಓದುವಾಗ ಹಳೆಯದು ಸೆಕೆಂಡಿಗೆ ನೂರು ಎಂಬಿ ಆಸುಪಾಸಿನಲ್ಲಿದ್ದರೆ, ಇದು ಐನೂರನ್ನು ದಾಟುತ್ತದೆ.

ಇಷ್ಟು ತಿಳಿದ ಮೇಲೆ ನಿರ್ಣಯ ಕಷ್ಟವಾಗಲಿಲ್ಲ. ಮಾರಯ್ಯನು ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿಕೊಂಡು ತಿರುಗುವ ನಮಗೆ, ಸರಿಯಾಗಿರುವ ಪರದೆ, ಸರಿಯಾಗಿರುವ ಕೀಲಿಮಣೆಗಳನ್ನು ಕಸಕ್ಕೆ ಹಾಕುವ ಅಧಿಕಾರವೆಲ್ಲಿಯದು? 500 ಜಿಬಿಯ ಎಸ್‌ಎಸ್‌ಡಿಗೆ ನಾನು ಕೊಟ್ಟ ಹಣ ಹೊಸ ಲ್ಯಾಪ್‌ಟಾಪಿನ ಬೆಲೆಯ ಹತ್ತರಲ್ಲೊಂದು ಪಾಲನ್ನು ಮೀರಲಿಲ್ಲ. ಆದರೆ ಕೊಳ್ಳುವ ಮುನ್ನ ಯಂತ್ರದ ಜಾತಕವನ್ನು ನೋಡುವುದು ಅವಶ್ಯ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಎರಡೂವರೆ ಅಂಗುಲದ ಸಾಟಾ ಮಾದರಿಯ ಡಿಸ್ಕು ಕೂಡುತ್ತದೆ, ಈಚಿನವುಗಳಲ್ಲಿ ಎಂ.2 ಎಂಬ ತೆಳು ಪಟ್ಟಿ ಕೂಡುತ್ತದೆ. ಕೆಲವದರಲ್ಲಿ ಸ್ಮೃತಿಯನ್ನು ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ, ಅದನ್ನು ಬದಲಿಸಲಾಗದು. ಎತ್ತಿನ ಅಳತೆ ತಿಳಿಯದೆ ನೊಗ ಕೊಳ್ಳಬಾರದು.

ಡಿಸ್ಕನ್ನು ಬದಲಿಸುವುದು ನಾಲ್ಕಾರು ತಿರುಪುಗಳ ಕೆಲಸ. ಒಳಗಿನ ಸಂಪತ್ತನ್ನು ದಾಟಿಸುವುದೇ ನಿಜವಾದ ಕೆಲಸ. ಹುಡುಗಿಯು ತಿರುಪುಳಿಗೆ ಕೈಹಾಕುವ ಮೊದಲು ನನ್ನಲ್ಲಿದ್ದ ಬೇರೆ ಪ್ರತಿಯನ್ನು ಕೇಳಿದಳು. ಹೊರಗಿನ ಡಿಸ್ಕೊಂದರಲ್ಲಿ ನಾನು ಇಟ್ಟಿದ್ದ ಪ್ರತಿಯನ್ನು ತೆರೆದಾಗ ಪಾಠಾಂತರದ ಕಡತಗಳೆಲ್ಲ ಸರಿಯಾಗಿದ್ದವು. ಗುರುಗಳ ಮೂವತ್ತೊಂದು ಪಾಠಗಳಲ್ಲಿ ಏಳು ಮಾತ್ರ ತೆರೆಯಲಿಲ್ಲ. ಆ ಡಿಸ್ಕೂ ವರ್ಷಗಳ ಹೊಡೆತಕ್ಕೆ ಸವೆದಿತ್ತು. ಎಂದರೆ ಆ ಏಳು ಪಾಠಗಳು ಇಡೀ ಲೋಕದಲ್ಲಿ ಉಳಿದಿದ್ದುದು ಟಿಕ್ ಟಿಕ್ ಎನ್ನುತ್ತಿದ್ದ ಆ ಒಂದೇ ತಟ್ಟೆಯ ಮೇಲೆ. ಅವುಗಳಲ್ಲಿ ಒಂದು ಐಕ್ಯಸ್ಥಲವನ್ನು ಕುರಿತ ಕೊನೆಯ ಪಾಠ. ಅದನ್ನು ಹೇಳಿದ ಮೂರು ತಿಂಗಳಿಗೆ ಗುರುಗಳು ಲಿಂಗೈಕ್ಯರಾದರು.

ಇಂಥ ಸ್ಥಿತಿಯಲ್ಲಿ ಇಡೀ ಡಿಸ್ಕನ್ನು ಒಮ್ಮೆಗೇ ನಕಲು ಮಾಡಲು ಹೊರಡುವುದು ಅವಿವೇಕವೆಂದು ಅವಳು ಹೇಳಿದಳು. ಆಯಾಸಗೊಂಡ ಡಿಸ್ಕು ಮಧ್ಯದಲ್ಲಿಯೇ ನಿಂತುಬಿಟ್ಟರೆ ಅಮೂಲ್ಯವಾದುದು ಉಳಿದುಹೋಗಬಹುದು. ಮನೆಗೆ ಬೆಂಕಿ ಬಿದ್ದಾಗ ಮೊದಲು ಮಗುವನ್ನು ಹೊರತರುವಂತೆ, ಮೊದಲು ಆ ಏಳು ಧ್ವನಿಗಳನ್ನು ಒಂದೊಂದಾಗಿ ಹೊರತೆಗೆಯಲಾಯಿತು. ಐದನೆಯದರಲ್ಲಿ ಡಿಸ್ಕು ಹತ್ತು ನಿಮಿಷ ಸ್ತಬ್ಧವಾಯಿತು. ನಾವಿಬ್ಬರೂ ಮಾತನಾಡಲಿಲ್ಲ. ಮತ್ತೆ ಅದು ಚಲಿಸಿತು. ಏಳೂ ಬಂದ ಮೇಲೆ ಉಳಿದ ಗುರುಪಾಠಗಳು, ಆಮೇಲೆ ನನ್ನ ಬರಹಗಳು, ಕಡೆಯದಾಗಿ ಇಡೀ ಡಿಸ್ಕಿನ ನಕಲು. ಅದಕ್ಕೆ ಸುಮಾರು ಮೂರು ಗಂಟೆ ಹಿಡಿಯಿತು.

ಓಲೆಯ ಕಾಲದಲ್ಲಿ ಇದಕ್ಕೆ 'ಪ್ರತಿ ಮಾಡುವುದು' ಎಂಬ ಹೆಸರಿತ್ತು. ಗರಿಗೆ ಹುಳು ಹತ್ತಿ ಅಂಚು ಮುರಿಯತೊಡಗಿದಾಗ ಲಿಪಿಕಾರನು ಹೊಸ ಗರಿಯ ಮೇಲೆ ಅದನ್ನು ಬರೆಯುತ್ತಿದ್ದನು. ಬಳಿಕ ಮೂಲದೊಡನೆ ತಾಳೆ ನೋಡಲಾಗುತ್ತಿತ್ತು. ಹನ್ನೆರಡನೆಯ ಶತಮಾನದ ಓಲೆಗಳೇ ನಮ್ಮ ಕೈಗೆ ಬಂದಿಲ್ಲ. ಪ್ರತಿಯ ಪ್ರತಿ ಬಂದಿದೆ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದುದೂ, ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದುದೂ ಇದೇ ಕಾಯಕದ ಮುಂದುವರಿಕೆ. ಒಂದೇ ಕಟ್ಟಿನಲ್ಲಿ ಅಡಗಿದ್ದುದನ್ನು ಅವರು ಸಾವಿರ ಮನೆಗಳಿಗೆ ಹಂಚಿದರು. ಹಂಚಿದ್ದರಿಂದಲೇ ಅದು ಉಳಿಯಿತು.

ತಾಳೆ ನೋಡುವ ಕೆಲಸವನ್ನು ಗಣಕವೇ ಮಾಡಬಲ್ಲದು. ಕಡತದ ಎಲ್ಲ ಅಕ್ಷರಗಳನ್ನು ಲೆಕ್ಕಕ್ಕೆ ಒಡ್ಡಿ ಅದೊಂದು ಗುರುತಿನ ಸಂಖ್ಯೆಯನ್ನು ತೆಗೆಯುತ್ತದೆ. ಮೂಲದ ಸಂಖ್ಯೆಯೂ ಪ್ರತಿಯ ಸಂಖ್ಯೆಯೂ ಒಂದೇ ಆದರೆ ನಕಲು ಶುದ್ಧವಾಗಿದೆಯೆಂದು ಅರ್ಥ. ಆದರೆ ಮೂಲವೇ ಶುದ್ಧವಾಗಿದೆಯೇ ಎಂಬುದನ್ನು ಅದು ಹೇಳಲಾರದು. ಆದುದರಿಂದ ಏಳು ಪಾಠಗಳನ್ನೂ ನಾನು ಕುಳಿತು ಕೇಳಿದೆನು. ಐದನೆಯದರಲ್ಲಿ ಅರ್ಧ ನಿಮಿಷ ಧ್ವನಿ ಹರಿದಿದೆ. ಉಳಿದುದೆಲ್ಲ ಸ್ಪಷ್ಟವಾಗಿದೆ, ನಡುವೆ ಗುರುಗಳು ಕೆಮ್ಮಿ ನೀರು ಕೇಳುವುದೂ ಸ್ಪಷ್ಟವಾಗಿದೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಮಾತೊಂದಿದೆ. ನಮ್ಮಲ್ಲಿ ಬಹುಮಂದಿಯ ಹಳೆಯ ಕಡತಗಳು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿವೆ, ಯೂನಿಕೋಡಿನಲ್ಲಿಲ್ಲ. ಹೊಸ ಡಿಸ್ಕಿನ ಮೇಲೆ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿದರೆ ಆ ಅಕ್ಷರಶೈಲಿಗಳು ಇಲ್ಲವಾಗಿ, ವಚನಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಇಡೀ ನಕಲು ಮಾಡಿದರೆ ಈ ತೊಂದರೆಯಿಲ್ಲ. ಆದರೂ ಬಿಡುವಾದಾಗ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡುವುದು ಕ್ಷೇಮ.

ಹೊಸ ಡಿಸ್ಕು ಕೂಡಿದ ಮೇಲೆ, ಏಳಲು ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರವು ಅರ್ಧ ನಿಮಿಷದೊಳಗೆ ಎದ್ದು ನಿಂತಿತು. ಪದದ ಹುಡುಕಾಟ ಕ್ಷಣದ ಮಾತಾಯಿತು. ಬೆಳಗಿನ ಎರಡು ಗಂಟೆಗಳು ನನಗೆ ಇಡಿಯಾಗಿ ಮರಳಿ ದೊರೆತವು. ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಅಂತರಜಾಲದ ವೇಗ ಇದರಿಂದ ಹೆಚ್ಚುವುದಿಲ್ಲ. ನನ್ನ ಯಂತ್ರದಲ್ಲಿರುವ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಅದನ್ನು ಬರಹಕ್ಕೆ ಮಾತ್ರ ಮೀಸಲಿಟ್ಟು, ಬ್ಯಾಂಕಿನ ವ್ಯವಹಾರದಿಂದಲೂ ಅಂತರಜಾಲದಿಂದಲೂ ದೂರವಿಟ್ಟಿದ್ದೇನೆ.

ವೇಗವೇ ಭದ್ರತೆಯೆಂದು ಯಾರೂ ಭ್ರಮಿಸಬಾರದು. ಹಳೆಯ ಡಿಸ್ಕು ಸಾಯುವ ಮುನ್ನ ಎಷ್ಟೋ ಸಲ ನರಳುತ್ತದೆ. ಆ ಸದ್ದೇ ನಮ್ಮನ್ನು ಎಚ್ಚರಿಸಿತು. ಎಸ್‌ಎಸ್‌ಡಿ ಮೌನಿ. ಅದು ಯಾವ ಸೂಚನೆಯನ್ನೂ ಕೊಡದೆ ಒಂದು ದಿನ ಕಣ್ಣು ಮುಚ್ಚಬಹುದು. ಅದರ ಕೋಶಗಳಲ್ಲಿ ಬರೆದು ಅಳಿಸುವುದಕ್ಕೆ ಮಿತಿಯಿದೆ; ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಹಿಡಿದಿಟ್ಟ ಅಕ್ಷರ ಸೋರಿಹೋಗಲೂಬಹುದು; ಅಳಿಸಿದ ಕಡತವನ್ನು ಅದರಿಂದ ಮರಳಿ ಪಡೆಯುವುದು ಹಳೆಯದಕ್ಕಿಂತ ಕಠಿಣ. ಆದುದರಿಂದ ಡಿಸ್ಕು ಚುರುಕಾದಷ್ಟೂ ಪ್ರತಿ ಮಾಡುವ ಶಿಸ್ತು ಬಿಗಿಯಾಗಬೇಕು. ಈಗ ಗುರುಗಳ ಧ್ವನಿ ಮೂರು ಕಡೆ ಇದೆ: ನನ್ನ ಯಂತ್ರದಲ್ಲಿ, ಹೊಸದೊಂದು ಹೊರ ಡಿಸ್ಕಿನಲ್ಲಿ, ಮತ್ತು ಬೇರೆ ಊರಿನಲ್ಲಿರುವ ತಮ್ಮನ ಮನೆಯಲ್ಲಿ. ವರ್ಷಕ್ಕೆರಡು ಸಲ ಪ್ರತಿಗಳನ್ನು ತೆರೆದು ನೋಡುವುದೆಂದು ನಿಶ್ಚಯಿಸಿದ್ದೇವೆ. ಇಟ್ಟರಷ್ಟೇ ಸಾಲದು, ತೆರೆಯಬೇಕು. ಓಲೆಯ ಕಟ್ಟುಗಳನ್ನು ಕಾಲಕಾಲಕ್ಕೆ ಬಿಚ್ಚಿ ಎಣ್ಣೆ ಸವರುತ್ತಿದ್ದ ಹಿರಿಯರಿಗೆ ಇದು ತಿಳಿದಿತ್ತು.

ತೆಗೆದ ಹಳೆಯ ಡಿಸ್ಕಿನ ಮಾತು ಉಳಿಯಿತು. ಜೀರ್ಣವಾದ ಓಲೆಗಳನ್ನು ಹೊಳೆಗೆ ಬಿಡುವ ರೂಢಿ ಕೆಲವೆಡೆ ಇತ್ತು. ಡಿಸ್ಕನ್ನು ಹೊಳೆಗಾಗಲಿ ತಿಪ್ಪೆಗಾಗಲಿ ಎಸೆಯಲಾಗದು. ಅದರಲ್ಲಿ ಮನೆಯ ಗುಟ್ಟುಗಳಿರುತ್ತವೆ, ಮಣ್ಣಿಗೆ ವಿಷವಾಗುವ ವಸ್ತುಗಳೂ ಇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು. ಆರು ತಿಂಗಳು ಕಾದು, ಹೊಸದು ಸರಿಯಾಗಿ ನಡೆಯುತ್ತಿದೆಯೆಂದು ಖಚಿತವಾದ ಮೇಲೆ, ಒಳಗಿನದನ್ನೆಲ್ಲ ಪೂರ್ತಿಯಾಗಿ ಅಳಿಸಿ ಒಪ್ಪಿಸುವುದು ಯುಕ್ತ.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಯಾವ ಯಂತ್ರದಲ್ಲಿ ಯಾರ ಧ್ವನಿ, ಯಾರ ಕೈಬರಹದ ಚಿತ್ರ, ಯಾವ ಮದುವೆಯ ನೆನಪು ಒಂದೇ ಪ್ರತಿಯಾಗಿ ಉಳಿದಿದೆಯೆಂಬುದನ್ನು ಈ ವಾರವೇ ನೋಡಿಕೊಳ್ಳಿ. ಯಂತ್ರ ನಿಧಾನವಾಗಿದ್ದರೆ ಸವೆದ ಭಾಗವನ್ನು ಮಾತ್ರ ಬದಲಿಸಿ. ಬದಲಿಸುವ ಮುನ್ನ ಪ್ರತಿ ಮಾಡಿ. ಪ್ರತಿಯನ್ನು ತಾಳೆ ನೋಡಿ. ನೋಡಿದುದನ್ನು ಮತ್ತೊಂದು ಮನೆಗೂ ಕೊಡಿ. ಮನೆಯ ಎಳೆಯರಿಗೆ ಯಂತ್ರ ತಿಳಿದಿದೆ, ಹಿರಿಯರಿಗೆ ಅದರೊಳಗಿನ ಬೆಲೆ ತಿಳಿದಿದೆ. ಇಬ್ಬರೂ ಒಂದು ಮಧ್ಯಾಹ್ನ ಜೊತೆಯಾಗಿ ಕುಳಿತರೆ ಈ ಕಾಯಕ ಸಾಧ್ಯವಾಗುತ್ತದೆ.