ಅಮಾಸೆ ನಾಡಿದ್ದು

ಮೊದಲು ಡಾಕ್ಟರು ಅವ್ವನಿಗೆ ಮೂರು ಹೆಸರು ಹೇಳಿ, ಹೇಳಿಸಿದರು: ಮಾವು, ಕುರ್ಚಿ, ನಾಣ್ಯ. ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದರು.

"ಇವತ್ತು ತಾರೀಖು ಎಷ್ಟಮ್ಮ?"

"ಅಮಾಸೆ ನಾಡಿದ್ದು" ಎಂದಳು ಅವ್ವ. ಡಾಕ್ಟರು ಸೊನ್ನೆ ಹಾಕಿದರು. ನನಗೆ ಸಿಟ್ಟು ಬಂತು. ಅಮಾವಾಸ್ಯೆ ನಾಡಿದ್ದೇ ಇತ್ತು. ತಾರೀಖಿಗೂ ಅವಳಿಗೂ ಯಾವತ್ತು ತಾನೇ ನಂಟು? ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದಾಗ, ಸಂತೆಯಲ್ಲಿ ಸೊಪ್ಪು ಮಾರಿ ಬಾಯಿಲೆಕ್ಕದಲ್ಲೇ ಚಿಲ್ಲರೆ ಎಣಿಸಿಕೊಟ್ಟವಳು ಕೇಳಿದಳು: "ನೂರು ಏನು? ಕಾಯೋ, ದುಡ್ಡೋ?"

ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ 1975ರಲ್ಲಿ ಪ್ರಕಟಿಸಿದ 30 ಅಂಕದ ಪರೀಕ್ಷೆಯಂತೆ ಇದು. ಒಂದು ವಾಕ್ಯ ಓದಬೇಕು, ಒಂದು ಬರೆಯಬೇಕು. ಶಾಲೆಯ ಮೆಟ್ಟಿಲು ಹತ್ತದವರು ಏನು ಮಾಡಬೇಕು? ಹರಿಯಾಣದ ಬಲ್ಲಭಗಢದ ಹಳ್ಳಿಗರಿಗೆಂದು ಇದನ್ನೇ ತಿದ್ದಿದ ಹಿಂದಿ ಪರೀಕ್ಷೆ 1995ರಲ್ಲೇ ಪ್ರಕಟವಾಗಿದೆ. ಇದನ್ನೆಲ್ಲ ಒದರಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಆ ಮೂರು ಹೆಸರು ಹೇಳಿ" ಎಂದರು ಡಾಕ್ಟರು.

"ಯಾವ ಹೆಸರು? ನೀವೇನೂ ಹೇಳಲೇ ಇಲ್ವಲ್ಲಪ್ಪ."

ಇದಕ್ಕೆ ಅಕ್ಷರ ಬೇಕಿರಲಿಲ್ಲ. ಹೋದ ತಿಂಗಳು ಎರಡು ಸಲ ಸೀದುಹೋದ ಹಾಲಿನ ಪಾತ್ರೆ ನೆನಪಾಯಿತು. ವಯಸ್ಸಾಯ್ತಲ್ಲ ಎಂದು ನಾನೇ ಉಜ್ಜಿಟ್ಟಿದ್ದೆ.

ಇಷ್ಟರಿಂದಲೇ ಕಾಯಿಲೆ ಎನ್ನಲಾಗದು, ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ ಎಂದು ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು.

ಬಸ್ಸಿನಲ್ಲಿ ಅವ್ವ, "ಕಂಡಕ್ಟರು ಚಿಲ್ಲರೆ ಕೊಟ್ನಾ?" ಎಂದಳು. ಕೊಟ್ಟ ಎಂದೆ. ನಮ್ಮೂರು ಬರುವಷ್ಟರಲ್ಲಿ ಇನ್ನೂ ಎರಡು ಸಲ ಕೇಳಿದಳು.