ಕೆಂಪು ದಾರ, ಹಸಿರು ದಾರ

ದೀಪಾವಳಿಗೆ ಧೂಳ ಝಾಡಸೋದು ನಮ್ಮ ಕೆಲಸ, ಆಮ್ಯಾಲೆ ಬೈಸಿಕೊಳ್ಳೋದೂ ನಮ್ಮದ. ಈ ಸಲ ನನ್ನ ಪಾಳಿ ಹೆಂಗ ಬಂತು ಕೇಳ್ರಿ.

ನಮ್ಮನ್ಯಾಗ ಎರಡು ಕಂಪ್ಯೂಟರ್ ಅವ. ಒಂದು ಮಗನ ಆಫೀಸಿಂದು, ಇನ್ನೊಂದು ಹಳೇದು, ನಂದು. ಜಾಗಾ ಸಾಲೂದಿಲ್ಲಂತ ಎರಡಕ್ಕೂ ಒಂದ ಮಾನಿಟರ್, ಒಂದ ಕೀಬೋರ್ಡ್, ಒಂದ ಮೌಸ್. ನಡುವ ಒಂದು ಸಣ್ಣ ಡಬ್ಬಿ, ಕೆವಿಎಂ ಸ್ವಿಚ್ ಅಂತಾರ ಅದಕ್ಕ. ಗುಂಡಿ ಒತ್ತಿದ್ರ ಅವಂದು, ಮತ್ತ ಒತ್ತಿದ್ರ ನಂದು. ನನ್ನದರಾಗ ನಮ್ಮ ಅತ್ತಿಯವರು ಹಾಡತಿದ್ದ ಆರತಿ ಹಾಡು, ಬೀಗರ ಹಾಡು ಟೈಪ್ ಮಾಡಿ ಇಟ್ಟೀನಿ. 40 ಆಗ್ಯಾವ. ಅವರು ಹೋಗಿ ಮೂರು ವರ್ಷ ಆತು. ಬ್ಯಾರೆ ಯಾರಿಗೂ ಅವು ಪೂರಾ ಬರೂದಿಲ್ಲ.

ಅವತ್ತ ಎರಡೂ ಚಾಲೂ ಇದ್ದಾಗನ ಡಬ್ಬೀ ವೈರ್ ಎಲ್ಲಾ ಕಿತ್ತು ಒರಸಿ, ತಿರುಗಿ ಸಿಗಿಸಿದೆ. ಮಾನಿಟರ್ ಕರ್ರಗ, ನೋ ಸಿಗ್ನಲ್ ಅಂತ ಬಂತು. ಡಬ್ಬಿಯಿಂದ ಮಾನಿಟರಿಗೆ ಹೋಗೋ ವೈರ್ ಸಡಲ ಇತ್ತು. ಒತ್ತಿದ ಕೂಡ್ಲೆ ನನ್ನ ಹಾಡಿನ ಪುಟಾ ಕಂಡ್ತು. ಖುಷಿಯಾಗಿ, ಕೀಬೋರ್ಡ್ ನೋಡಕೋತ ಎರಡು ಸಾಲು ಹೊಡದೆ. ತಲಿ ಎತ್ತಿದ್ರ ಒಂದ ಅಕ್ಷರಾನೂ ಇಲ್ಲ! ಸಿಟ್ಟಿಲೆ ನಾಕ್ ಸಲ ಎಂಟರ್ ಒತ್ತಿದೆ.

ಬಚ್ಚಲದಿಂದ ಬಂದ ಮಗಾ ಫೋನ್ ನೋಡಿ, "ಅಮ್ಮಾ, ಏನ ಮಾಡ್ದಿ?" ಅಂತ ಚೀರಿದಾ. ನಾ ಹೊಡದದ್ದೆಲ್ಲಾ ಅಡ್ಡಾತಿಡ್ಡಿ ಇಂಗ್ಲಿಷ್ ಅಕ್ಷರ ಆಗಿ ಅವನ ಸಾಹೇಬರಿಗೆ ಮೆಸೇಜ್ ಹೋಗಿತ್ತು! "ಆ ಹಳೇ ಡಬ್ಬಾ ಕೊಟ್ಟಬಿಡೂಣು. ನಿನಗ ಟ್ಯಾಬ್ ಕೊಡಸ್ತೀನಿ" ಅಂದಾ. ನನಗ ಗಂಟಲ ಕಟ್ಟಿಧಂಗ ಆತು. ಏನೂ ಅನಲಿಲ್ಲ.

ಮಧ್ಯಾಹ್ನ ಒಬ್ಬಾಕಿನ ಕೂತೆ. ಮೊದ್ಲ ಡಬ್ಬಿ ಬಿಟ್ಟು, ಮಾನಿಟರ್, ಕೀಬೋರ್ಡ್, ಮೌಸ್ ಸೀದಾ ನನ್ನ ಕಂಪ್ಯೂಟರಿಗೆ ಸಿಗಿಸಿ ನೋಡಿದೆ. ಎಲ್ಲಾ ನಡೀತು. ಅಂದ್ರ ಕಂಪ್ಯೂಟರ್ ಖರೆ ಅದ, ಕೀಬೋರ್ಡೂ ಖರೆ ಅದ. ಮಗನ್ನ ಕೇಳಿ ಎರಡನ್ನೂ ಬಂದ್ ಮಾಡಿದೆ. ಡಬ್ಬಿಗೆ ಕರೆಂಟ್ ಯುಎಸ್‌ಬಿ ವೈರಿನಿಂದನ ಬರತದ, ಅದಕ್ಕ ಅವನ್ನೂ ತಗದೆ. ಆಮ್ಯಾಲೆ ಒಂದೊಂದು ವೈರ್ ಕೈಯಾಗ ಹಿಡದು ಈ ತುದಿಯಿಂದ ಆ ತುದೀತನಕಾ ಹೋದೆ.

ಸಿಕ್ತು ನೋಡ್ರಿ! ಡಬ್ಬೀ ಒಂದನೇ ಮನ್ಯಾಗ ಚಿತ್ರದ ವೈರ್ ನಂದು, ಯುಎಸ್‌ಬಿ ವೈರ್ ಅವಂದು. ಎರಡನೇದರಾಗ ಉಲ್ಟಾ. ಕಾಣೋದು ನನ್ನ ಪುಟಾ, ಬರಿಯೋದು ಅವನ ಕಡೆ! ಸೊಸಿ ಸೀರಿಗೆ ಅತ್ತಿ ಕುಬಸ ಹೊಂದಿಸಿಧಂಗ.

ಹೊಲಿಗಿ ಡಬ್ಬ್ಯಾಗಿನ ದಾರ ತಂದು ನನ್ನ ಎರಡೂ ವೈರಿಗೆ ಕೆಂಪು, ಅವನವಕ್ಕ ಹಸಿರು ಕಟ್ಟಿದೆ. ಕೆಂಪೆಲ್ಲಾ ಒಂದನೇ ಮನಿಗೆ, ಹಸಿರೆಲ್ಲಾ ಎರಡನೇದಕ್ಕ. ಒಂದಾದ ಮ್ಯಾಲೆ ಒಂದು ಚಾಲೂ ಮಾಡಿದೆ. ಗುಂಡಿ ಒತ್ತಿಧಂಗ ಚಿತ್ರಾ, ಕೀಬೋರ್ಡ್, ಮೌಸ್ ಮೂರೂ ಕೂಡೇ ಹೋಗಲಿಕ್ಕೆ ಹತ್ತಿದ್ವು. ಬುದ್ಧಿ ಬಂದಿತ್ತು, ಹಾಡೆಲ್ಲಾ ಪೆನ್‌ಡ್ರೈವಿಗೂ ಹಾಕಿಟ್ಟೆ.

ಸಂಜಿಗೆ ಮಗಾ ಮೇಜಿನ ಹಿಂದ ಬಗ್ಗಿ ನೋಡಿದಾ. "ಅಮ್ಮಾ, ಕೆಂಪು ಯಾರದು?"

"ನಂದು. ಅದಕ್ಕ ಕೈ ಹಚ್ಚಬ್ಯಾಡ."

ನಕ್ಕಾ. ಟ್ಯಾಬಿನ ಮಾತು ಮತ್ತ ತಗೀಲಿಲ್ಲ. ರಾತ್ರಿ ಅವನ ಕೆಲಸ ಮುಗದ ಮ್ಯಾಲೆ ಕೂತು 41ನೇ ಹಾಡು ಹೊಡದೆ. ನೀವೂ ವೈರ್ ಕೀಳೋ ಮೊದ್ಲ ದಾರ ಕಟ್ರೆವಾ.