ನಿಂತು ಬಗ್ಗಬೇಡ, ಕೂತು ನೋಡು

ಹಿತ್ತಲ ಬಾಗಿಲಿಗೆ ಎರಡು ಚಿಲಕ. ಕೆಳಗಿನದು ಮನೆ ಕಟ್ಟಿದಾಗಿನದು. ಮೇಲಿನದು ನಿಮ್ಮ ಹಣೆಯ ಮಟ್ಟಕ್ಕಿದೆ, ಮೊಮ್ಮಕ್ಕಳು ಹುಟ್ಟಿದ ಮೇಲೆ ಹಾಕಿಸಿದ್ದು. ಅದನ್ನು ಸರಿಸುವ ಮುಂಚೆ ಅಜ್ಜಿ ಹಿಂದಿರುಗಿ ತಲೆ ಎಣಿಸುತ್ತಾರೆ. ಎಂಟು ವರ್ಷದ ಮೊಮ್ಮಗಳು, ಐದರ ಮೊಮ್ಮಗ, ಸೊಂಟದ ಮೇಲಿರುವ ಎರಡು ವರ್ಷದ್ದು, ಕೊನೆಗೆ ನೀವು. "ಸಣ್ಣದನ್ನ ನೀವು ಹಿಡ್ಕಳಿ. ಎಂಥ ಆದ್ರೂ ಕೆಳಗೆ ಬಿಡಬೇಡಿ," ಎಂದು ಮಗುವನ್ನು ನಿಮ್ಮ ತೋಳಿಗೆ ದಾಟಿಸುತ್ತಾರೆ. ನೋಡಲೆಂದು ಬಂದ ನಿಮಗೂ ಒಂದು ಕೆಲಸ ಸಿಕ್ಕಿತು.

ತೀರ್ಥಹಳ್ಳಿ ಕಡೆಯ ಏಪ್ರಿಲ್ ಬೆಳಗು. ಬಚ್ಚಲ ಒಲೆಯ ಹೊಗೆ ಹಲಸಿನ ಬುಡದಲ್ಲೇ ಸುತ್ತುತ್ತಿದೆ. ಅದರಾಚೆ ಜಂಬಿಟ್ಟಿಗೆ ಕಲ್ಲಿನಲ್ಲಿ ಕಟ್ಟಿದ ಕೊಳ, ಆಳ ಎರಡೂವರೆ ಅಡಿ, ಮೂಲೆಯಲ್ಲಿ ನೈದಿಲೆ. ಮೇಲೆ ಕಬ್ಬಿಣದ ಜಾಲರಿ. ಅದರ ಒಂದು ಪಾಲನ್ನಷ್ಟೇ ಅಜ್ಜಿ ಎತ್ತಿ ಗೋಡೆಗೆ ಒರಗಿಸುತ್ತಾರೆ.

ಮೀನುಗಳೆಲ್ಲ ಮೇಲೆ ಬಂದಿವೆ. ಗೋಲ್ಡ್ ಫಿಶ್‌ಗಳು ನೀರಿನ ಅಂಚಿಗೆ ಬಾಯಿ ಹಚ್ಚಿ ಗುಳುಗುಳು ಎನ್ನುತ್ತಿವೆ. ಅವುಗಳ ನಡುವೆ ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಗಪ್ಪಿಗಳು. ಆರೋಗ್ಯ ಇಲಾಖೆಯವರು 'ಲಾರ್ವಾಹಾರಿ ಮೀನು' ಎನ್ನುವುದು ಇವಕ್ಕೇ.

"ಅಜ್ಜೀ, ಹಸಿವಾಗಿದೆ ಅವಕ್ಕೆ!" ಹುಡುಗ ಮಂಡಕ್ಕಿಯ ಕವರ್ ಬಿಚ್ಚುತ್ತಾನೆ.

"ಹಸಿವಲ್ಲ ಮಾರಾಯ, ಉಸಿರು."

ರಾತ್ರಿಯಿಡೀ ಕೊಳದ ಗಿಡ, ಪಾಚಿ, ಮೀನು ಎಲ್ಲವೂ ನೀರಿನ ಆಮ್ಲಜನಕವನ್ನು ಬಳಸುತ್ತವೆ. ಬಿಸಿಲಿಲ್ಲದೆ ಗಿಡಗಳು ಅದನ್ನು ತಿರುಗಿ ಕೊಡಲಾರವು. ಬೇಸಿಗೆಯ ಬಿಸಿನೀರಿನಲ್ಲಿ ಅದು ಮೊದಲೇ ಕಡಿಮೆ. ಹಾಗಾಗಿ ಬೆಳಗಿನ ಜಾವ ಮೀನಿಗೆ ಕಷ್ಟದ ಹೊತ್ತು. ಅಜ್ಜಿ ಇದನ್ನೆಲ್ಲ ವಿವರಿಸುವ ಗೋಜಿಗೆ ಹೋಗದೆ, ಗುಡ್ಡದ ಅಬ್ಬಿನೀರು ತರುವ ಕರಿ ಪೈಪನ್ನು ಹುಡುಗನಿಂದಲೇ ಎತ್ತಿಸಿ ಕಲ್ಲಿನ ಮೇಲಿಡಿಸುತ್ತಾರೆ. ನೀರು ಈಗ ಎತ್ತರದಿಂದ ಬಿದ್ದು ನೊರೆಯೇಳುತ್ತದೆ. ಮೀನುಗಳು ಒಂದೊಂದಾಗಿ ಆ ಕಡೆ ಸರಿಯುತ್ತವೆ. ಹುಡುಗನಿಗೆ ಕವರ್ ಮರೆತೇಹೋಗಿದೆ.

ಈ ಅಜ್ಜಿ ಗದರುವುದು ಕಡಿಮೆ. ಬಾವಿಯಲ್ಲಿ ಗುಮ್ಮ ಕೂತಿದೆ, ಕಾಲು ಎಳೆಯುತ್ತದೆ ಎಂದು ಹೆದರಿಸುವುದು ನಮ್ಮ ಊರುಗಳ ಹಳೇ ಮದ್ದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಗುಮ್ಮ ಸುಳ್ಳೆಂದು ಗೊತ್ತಾದ ದಿನವೇ ಹುಡುಗರು ಬಾವಿಕಟ್ಟೆ ಹತ್ತಿರುತ್ತಾರೆ. ಇಲ್ಲಿ ಭಯದ ಜಾಗದಲ್ಲಿ ಕೆಲಸವಿದೆ.

ದಂಡೆಯ ಒಂದು ಬದಿಗೆ ಅಗಲ ಹಾಸುಗಲ್ಲು. ಅದೇ ಮಕ್ಕಳ ಜಾಗ. ಬೇರೆ ಬದಿಗಳಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ. "ನಿಂತು ಬಗ್ಗಬೇಡ, ಕೂತು ನೋಡು," ಎಂದು ಅಜ್ಜಿ ಹುಡುಗನ ಹೆಗಲನ್ನು ಮೆಲ್ಲಗೆ ಒತ್ತುತ್ತಾರೆ. ಚಿಕ್ಕ ಮಕ್ಕಳ ತಲೆ ಅವರ ಮೈಯ ಅಳತೆಗೆ ಹೆಚ್ಚು ಭಾರ, ಬಗ್ಗಿದರೆ ಮುಗ್ಗರಿಸುವುದು ತಲೆಯೇ. ನಿಮ್ಮ ತೋಳಿನ ಮಗು ಅದನ್ನು ಆಗಲೇ ತೋರಿಸುತ್ತಿದೆ. ನೀರು ಕಂಡದ್ದೇ ಅರ್ಧ ಮೈ ಹೊರಗೆ ಚಾಚಿದೆ. ಹಿಡಿತ ಬಿಗಿ ಮಾಡುತ್ತೀರಿ.

ಹುಡುಗ ಎಷ್ಟು ಹೊತ್ತು ಕೂತಾನು? ಎದ್ದು ಕಲ್ಲಿನ ಮೇಲೆ ಧಡಧಡ ಕುಣಿಯುತ್ತಾನೆ. ಕೊಳ ಖಾಲಿ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸಂವೇದನೆಯ ಗೆರೆಗೆ ನೀರಿನ ಸಣ್ಣ ಕಂಪನವೂ ತಿಳಿಯುತ್ತದೆ. ಅಜ್ಜಿ ತುಟಿ ಬಿಚ್ಚುವುದಿಲ್ಲ. ಅಕ್ಕ ಮಾತ್ರ ಹಲ್ಲು ಕಚ್ಚಿ, "ನಿನ್ನಿಂದಲೇ!" ಎನ್ನುತ್ತಾಳೆ. ಹುಡುಗ ಕೂರುತ್ತಾನೆ. ಕಾಯುತ್ತಾನೆ. ನೈದಿಲೆ ಎಲೆಯಡಿಯಿಂದ ಒಂದು ಗೋಲ್ಡ್ ಫಿಶ್ ಮೂತಿ ತೂರಿಸಿದಾಗ ಅವನು ಉಸಿರಾಡುವುದನ್ನೂ ಬಿಟ್ಟಂತಿದೆ. ಬೈಗುಳಕ್ಕೆ ಆಗದ ಕೆಲಸ ಮೀನಿಗೆ ಆಯಿತು.

ಬಿಸಿಲು ಏರಿದ ಮೇಲೆ ತಿಂಡಿಯ ಸರದಿ. ಹುಡುಗನ ತಕರಾರು ಸುಲಭದ್ದಲ್ಲ: "ಶೃಂಗೇರೀಲಿ ಅಷ್ಟೊಂದು ಮಂಡಕ್ಕಿ ಹಾಕಿದ್ವಲ್ಲ?" ಹಾಕಿದ್ದು ನಿಜ. ಅಲ್ಲಿ ತುಂಗೆ ಹರಿಯುತ್ತಾಳೆ, ಇಲ್ಲಿ ನೀರು ನಿಂತಿದೆ. ಅಜ್ಜಿ ತುಳಸಿಕಟ್ಟೆಯ ಹಿಂದಿನಿಂದ ಒಂದು ಗಾಜಿನ ಬಾಟಲಿ ತಂದು ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿಯುತ್ತಾರೆ. ಮೊನ್ನೆ ಅವನೇ ನೀರಿನಲ್ಲಿ ನೆನೆಹಾಕಿದ ಮಂಡಕ್ಕಿ. "ಥೂ!" ಎಂದು ಹಿಂದೆ ಸರಿಯುತ್ತಾನೆ. "ಇದ್ರೊಳಗೆ ನಿನ್ನ ಇರು ಅಂದ್ರೆ ಇರ್ತೀಯನಾ?" ಉಳಿದ ತಿಂಡಿ ಕೊಳೆತರೆ ಅಮೋನಿಯ ಹೆಚ್ಚಿ ಮೀನು ಸಾಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪುಸ್ತಕ ನಾನು ಕಂಡಿಲ್ಲ.

ಅಳತೆ: ಎರಡು ಬೆರಳಿಗೆ ಸಿಕ್ಕಷ್ಟು, ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು. ಮಿಕ್ಕಿದ್ದನ್ನು ಅಕ್ಕ ಟೀ ಸೋಸುವ ಹಳೇ ಜಾಲರಿಯಲ್ಲಿ ಬಾಚಿ ಬಾಳೆ ಬುಡಕ್ಕೆ ಎಸೆಯುತ್ತಾಳೆ. ಮೀನನ್ನು ಹಿಡಿಯುವಂತಿಲ್ಲ, ಅದರ ಮೈಮೇಲಿನ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ. ಕಲ್ಲು ಎಸೆದರೆ ಅವತ್ತಿನ ತಿಂಡಿ ಹಾಕುವ ಸರದಿ ಹೋಯಿತು. ಅಷ್ಟೇ ಕಾನೂನು.

ತೋಳಿನ ಮಗುವಿಗೆ ಇದಾವುದೂ ಇಲ್ಲ. ಎರಡು ವರ್ಷಕ್ಕೆ ಪಾಠ ಹತ್ತುವುದಿಲ್ಲ. ಅದಕ್ಕೆ ಚಿಲಕ, ಜಾಲರಿ, ಕೈಗೆಟಕುವಷ್ಟು ದೂರದಲ್ಲಿ ದೊಡ್ಡವರೊಬ್ಬರು, ಅವರ ಕೈಯಲ್ಲಿ ಮೊಬೈಲ್ ಇಲ್ಲದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು, ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನವರು. ಸಿನಿಮಾದವರಂತೆ ಕೈಬಡಿದು ಕೂಗುವುದಿಲ್ಲ ಮಕ್ಕಳು. ಸದ್ದಿಲ್ಲದೆ ಮುಳುಗುತ್ತಾರೆ, ಎರಡೂವರೆ ಅಡಿಯೇನು, ಬಕೆಟ್ ನೀರಿನಲ್ಲೂ. ಎತ್ತಿದ ಮೇಲೆ ತಲೆಕೆಳಗು ಮಾಡಿ ನೀರು ಕಕ್ಕಿಸುವ ನಮ್ಮ ರೂಢಿಯೂ ತಪ್ಪು. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಅಜ್ಜಿ ಗೋಡೆಗೆ ಒರಗಿಸಿದ ಹಣ್ಣು ಕೀಳುವ ದೋಟಿಯನ್ನು ಮೊಮ್ಮಗಳ ಕೈಗಿಡುತ್ತಾರೆ. "ತಮ್ಮ ಬಿದ್ದ ಅಂತ ತಿಳ್ಕೋ. ಎಂಥ ಮಾಡ್ತೀ?"

"ಹಾರಿ ಎತ್ತುತೀನಿ."

"ಆಗ ಇಬ್ಬರೂ ನೀರಲ್ಲಿ. ಹಾರೂದಲ್ಲ. ಮೊದಲು ಕೂಗು, ಆಮೇಲೆ ಇದನ್ನ ಚಾಚು. ಎಲ್ಲಿ, ಕೂಗು ನೋಡಣ."

ಹುಡುಗಿ ನಿಮ್ಮತ್ತ ನೋಡಿ ನಾಚುತ್ತಾಳೆ. "ಬನ್ನಿ..." ಪಕ್ಕದ ಕೋಳಿಯೂ ತಲೆಯೆತ್ತಲಿಲ್ಲ. ಎರಡನೇ ಸಲ ತುಸು ಮೇಲು. ಮೂರನೇ ಸಲಕ್ಕೆ ತಮ್ಮನೂ ದನಿಗೂಡಿಸುತ್ತಾನೆ: "ಬನ್ನೀ! ಬಿದ್ದ! ಬನ್ನೀ!" ಕೆಳಗಿನ ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ಬದಲಿಸುತ್ತಿದ್ದಾತ ಕೈಲಿ ಕತ್ತಿ ಹಿಡಿದೇ ಏರಿ ಓಡಿಬರುತ್ತಾನೆ, ಮೊಣಕಾಲವರೆಗೆ ಕೆಸರು.

"ಯಾರು ಬಿದ್ದದ್ದು ಅಮ್ಮಾ?"

"ಯಾರೂ ಇಲ್ಲ ಮಾರಾಯ, ಕಲಿಸ್ತಿದ್ದೆ."

ಅವನು ಏದುಸಿರಿನಲ್ಲೇ ಗೊಣಗುತ್ತಾನೆ. ಮುಂದಿನ ಸಲ ಬರುವುದಿಲ್ಲ ಎನ್ನುತ್ತಾನೆ. ಅಜ್ಜಿ ನಗುವುದಿಲ್ಲ. ಅವನು ಹೇಳಿದ್ದರಲ್ಲೂ ಅರ್ಥವಿದೆ ಎಂಬಂತೆ ಹುಡುಗನ ಕಡೆ ತಿರುಗುತ್ತಾರೆ: "ನಾಳೆ ಕೂಗುವ ಸರದಿ ನಿಂದು. ಅದಕ್ಕೂ ಮುಂಚೆ ತೋಟಕ್ಕೆ ಇಳಿದು ಇವರಿಗೆ ಹೇಳಿ ಬರಬೇಕು. ಸುಮ್‌ಸುಮ್ನೆ ಯಾವತ್ತೂ ಕೂಗಬಾರದು. ಈಗ ಒಳಗೆ ಹೋಗಿ ಇವರಿಗೆ ಒಂದು ಲೋಟ ಮಜ್ಜಿಗೆ ತಾ."